ರಾಡ್ ಹಾಕಿದ್ದಾರೆ ಅಂದ್ರೆ ಮೂಳೆ ಕೂಡಿದೆ ಅಂತಲ್ಲ

ಈ ಸಲ ಬೆಳೆ ವಿಷಯ ಅಲ್ಲ, ಕಾಲಿನ ವಿಷಯ. ನಮ್ಮ ಪಕ್ಕದ ಹೊಲದವರು ಬೈಕಿಂದ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರ್ಕೊಂಡಿದ್ದಾರೆ. ರಾಡ್ ಹಾಕಿ ಮನೆಗೆ ಕಳಿಸಿದ್ದಾರೆ. ನೋಡೋಕೆ ಬಂದವರೆಲ್ಲ, "ಒಳಗೆ ಕಬ್ಬಿಣ ಇದೆಯಲ್ಲ, ಇನ್ನೇನು ಭಯ, ಉಳುಮೆ ಹೊತ್ತಿಗೆ ಹೊಲಕ್ಕಿಳೀರಿ" ಅಂತಿದ್ರು. ಇದೇ ಮಾತು ನಂಬಿ ನಾನು ಕೆಟ್ಟಿದ್ದೀನಿ.

ಎರಡು ವರ್ಷದ ಹಿಂದೆ ಟಿಲ್ಲರ್ ಬದುವಿಂದ ಜಾರಿ ನನ್ನ ಬಲಗಾಲು ಮುರೀತು. ಹಾಕಿದ್ದು ಇಂಟರ್‌ಲಾಕಿಂಗ್ ನೈಲ್. ಮೂಳೆಯ ಟೊಳ್ಳಿನೊಳಗೆ ಉದ್ದ ಸರಳು, ಮೂಳೆ ತಿರುಗದ ಹಾಗೆ, ಕುಗ್ಗದ ಹಾಗೆ ಮೇಲೂ ಕೆಳಗೂ ಅಡ್ಡ ಸ್ಕ್ರೂ. ಮುಂಗಾರು ಬಿದ್ದ ಕೂಡಲೇ ಡಾಕ್ಟರನ್ನ ಕೇಳದೆ ಟಿಲ್ಲರ್ ಹಿಡಿದೆ. ಬೀಡಿನೂ ಬಿಟ್ಟಿರಲಿಲ್ಲ. ಐದನೇ ತಿಂಗಳಿಗೆ ನೋವು ಜಾಸ್ತಿಯಾಯ್ತು. ಎಕ್ಸ್‌ರೇ ನೋಡಿದ್ರೆ ಮೂಳೆ ಕೂಡಿಲ್ಲ, ಕೆಳಗಿನ ಸ್ಕ್ರೂ ತುಂಡಾಗಿದೆ. ಮತ್ತೊಂದು ಆಪರೇಷನ್. ಎರಡು ಹಸು ಮಾರಿದೆ.

ಮಾವಿನ ಕಸಿಗೆ ಪಟ್ಟಿ ಸುತ್ತುತ್ತೇವಲ್ಲ, ಪಟ್ಟಿ ಹಿಡಿದಿಡುತ್ತೆ ಅಷ್ಟೆ, ಕೂಡೋದು ಗಿಡ. ಸರಳೂ ಹಾಗೇ. ಮೂಳೆ ಕೂಡದಿದ್ರೆ ಪ್ರತಿ ಹೆಜ್ಜೆಯ ಭಾರ ಕಬ್ಬಿಣದ ಮೇಲೇ ಬೀಳುತ್ತೆ. ಬಗ್ಗಿಸಿ ಬಗ್ಗಿಸಿ ತಂತಿ ತುಂಡಾಗೋ ಹಾಗೆ ಅದೂ ಒಂದು ದಿನ ತುಂಡಾಗುತ್ತೆ. ಎಲ್ಲ ಸರಿಯಾಗಿ ಪಾಲಿಸಿದವರಿಗೂ ಕೆಲವೊಮ್ಮೆ ಕೂಡೋದು ತಡ ಆಗುತ್ತೆ, ಅದು ಅವರ ತಪ್ಪಲ್ಲ. ಆದ್ರೆ ಬೀಡಿ ಸಿಗರೇಟು, ಹತೋಟಿ ಇಲ್ಲದ ಸಕ್ಕರೆ ಕಾಯಿಲೆ ಅದನ್ನ ಇನ್ನೂ ತಡ ಮಾಡುತ್ತೆ.

ಕೆಲವರಿಗೆ ಬೇಗನೇ ಕಾಲೂರಿಸ್ತಾರೆ, ಕೆಲವರಿಗೆ ವಾರಗಟ್ಟಲೆ ಬೇಡ ಅಂತಾರೆ. ಮುರಿದ ರೀತಿ ನೋಡಿ ಹೇಳೋ ಮಾತದು. ಪಕ್ಕದ ಮನೆಯವರ ಲೆಕ್ಕ ನಮಗೆ ಬೇಡ.

ಮೊದಲ ದಿನಗಳಲ್ಲಿ ಮೀನಖಂಡ ಕಲ್ಲಿನಂತೆ ಬಿಗಿದು, ಮಾತ್ರೆಗೂ ಜಗ್ಗದ ನೋವಿದ್ದು, ಬೆರಳು ಅಲ್ಲಾಡಿಸಿದ್ರೆ ಪ್ರಾಣ ಹೋದಂತಾದ್ರೆ ಬೆಳಗಾಗಲಿ ಅಂತ ಕಾಯಬೇಡಿ. ಒಳಗೆ ಒತ್ತಡ ಏರಿ ರಕ್ತ ಓಡಾಟ ನಿಂತ್ರೆ ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸಾಯುತ್ತೆ. ಗಾಯ ಕೆಂಪಾಗಿ ಕೀವು ಬಂದ್ರೆ, ಜ್ವರ ಬಂದ್ರೆ ಅವತ್ತೇ ತೋರಿಸಿ. ಮಂಡಿಯೂರಿದಾಗ ಮೊಣಕಾಲು ಮುಂದೆ ನೋಯೋದು ತುಂಬಾ ಜನಕ್ಕೆ ಇರುತ್ತೆ. ನನಗೆ ಈಗಲೂ ಹಾಲು ಕರೆಯೋಕೆ ಸ್ಟೂಲ್ ಬೇಕು.

ನಾವು ಹೊಲಕ್ಕೆ ಓಡೋದು ಹಠಕ್ಕಲ್ಲ, ಹದ ತಪ್ಪುತ್ತೆ ಅನ್ನೋ ಭಯಕ್ಕೆ. ಹಾಗಾಗಿ ನೋಡೋಕೆ ಹೋಗುವಾಗ ಹಣ್ಣಿನ ಜೊತೆ ಒಂದು ದಿನದ ಮುಯ್ಯಾಳು ಕೆಲಸಾನೂ ಒಯ್ಯಿರಿ. ಭಾನುವಾರ ಅವರ ಹೊಲಕ್ಕೆ ನನ್ನ ಟಿಲ್ಲರ್ ಹೋಗುತ್ತೆ, ಮಗ ಹೊಡೀತಾನೆ. ಬಿತ್ತನೆಗೆ ಇಬ್ಬರು ಬೇಕು. ಯಾರು ಬರ್ತೀರಿ?