ಕಲ್ಯಾಣಿ, ವರ್ತಿಕಾ, ಅಂಜಲಿ: ಮುಂದೆ ಯಾರು?

1989ರಲ್ಲಿ ದೂರದರ್ಶನದಲ್ಲಿ ‘ಉಡಾನ್’ ಶುರುವಾದಾಗ ಕವಿತಾ ಚೌಧರಿ ದೇಶಕ್ಕೆಲ್ಲ ಪರಿಚಿತರಾಗಿದ್ದದ್ದು ಸರ್ಫ್ ಜಾಹೀರಾತಿನ ಲಲಿತಾಜಿಯಾಗಿ. ಚೌಕಾಸಿ ಮಾಡಿ ತರಕಾರಿ ಕೊಳ್ಳುವ ಆ ಗೃಹಿಣಿ ಐಪಿಎಸ್ ಅಧಿಕಾರಿ ಕಲ್ಯಾಣಿ ಸಿಂಗ್ ಆಗಿ ಖಾಕಿ ತೊಟ್ಟು ನಿಂತರು. ಬರೆದದ್ದೂ ನಿರ್ದೇಶಿಸಿದ್ದೂ ಅವರೇ. ಕಥೆಗೆ ಸ್ಫೂರ್ತಿ ಸ್ವಂತ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯ. ಕಿರಣ್ ಬೇಡಿಯವರ ನಂತರ ಐಪಿಎಸ್ ಸೇರಿದ ಎರಡನೇ ಮಹಿಳೆ ಅವರು. 2004ರಲ್ಲಿ ಉತ್ತರಾಖಂಡದಲ್ಲಿ ದೇಶದ ಮೊದಲ ಮಹಿಳಾ ಡಿಜಿಪಿಯಾದರು. ಅಕ್ಕ 2019ರಲ್ಲಿ, ತಂಗಿ 2024ರಲ್ಲಿ ತೀರಿಕೊಂಡರು. ಮಹಿಳಾ ಪೊಲೀಸ್ ಧಾರಾವಾಹಿಗಳ ಲೆಕ್ಕ ನೋಡಲು ಹೊರಟರೆ ಈ ಅಕ್ಕತಂಗಿಯರಿಂದಲೇ ಆರಂಭಿಸಬೇಕು.

‘ಉಡಾನ್’ನ ಬಲ ಹೊಡೆದಾಟದಲ್ಲಿರಲಿಲ್ಲ. ಹೆಣ್ಣೆಂದು ಕಡೆಗಣಿಸಿದ ಮನೆತನ, ಮಗಳ ಬೆನ್ನಿಗೆ ನಿಂತ ತಂದೆ, ಓದು, ತರಬೇತಿ, ಎಲ್ಲವನ್ನೂ ದಾಟಿದ ಮೇಲೆ ಕಲ್ಯಾಣಿಗೆ ಸಮವಸ್ತ್ರ ಸಿಕ್ಕುತ್ತದೆ. ಅದೇ ಹೊತ್ತಿಗೆ, 1990ರಲ್ಲಿ, ತೆಲುಗು ಸಿನಿಮಾ ‘ಕರ್ತವ್ಯಂ’ನಲ್ಲಿ ವಿಜಯಶಾಂತಿ ಪೊಲೀಸ್ ಅಧಿಕಾರಿಯಾಗಿ ಅಬ್ಬರಿಸಿ ರಾಷ್ಟ್ರಪ್ರಶಸ್ತಿ ಗೆದ್ದರು. ದಕ್ಷಿಣದ ಸಿನಿಮಾ ಆ ಅಬ್ಬರವನ್ನೇ ಹಿಡಿದುಕೊಂಡಿತು. ಹೆಣ್ಣು ಪೊಲೀಸ್ ಎಂದರೆ ಲಾಠಿ ಬೀಸುವ ದುರ್ಗಿ ಎಂಬ ಅಚ್ಚು ಬಿದ್ದು, ಬಹುಕಾಲ ಉಳಿಯಿತು. ಅದರಿಂದ ನಷ್ಟವೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಆ ಅಚ್ಚನ್ನು ಮುರಿದದ್ದು 2019ರ ಸರಣಿ ‘ಡೆಲ್ಲಿ ಕ್ರೈಂ’. 2012ರ ದೆಹಲಿ ಅತ್ಯಾಚಾರ ಪ್ರಕರಣದ ತನಿಖೆಯ ಕಥೆ. ಡಿಸಿಪಿ ವರ್ತಿಕಾ ಚತುರ್ವೇದಿಯಾಗಿ ಶೆಫಾಲಿ ಶಾ ದನಿ ಏರಿಸುವುದೇ ಅಪರೂಪ. ನಿದ್ದೆಗೆಟ್ಟ ಕಣ್ಣು, ಈ ದೇಶವೇ ಬೇಡ ಎನ್ನುವ ಹರೆಯದ ಮಗಳು, ಜೊತೆಗೆ ಕೆಲಸ ಕಲಿಯುತ್ತಿರುವ ನೀತಿ ಸಿಂಗ್. 2020ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ಪಡೆದ ಮೊದಲ ಭಾರತೀಯ ಸರಣಿ ಇದಾಯಿತು.

ನಮ್ಮನ್ನು ಅದಕ್ಕಿಂತ ಹೆಚ್ಚು ಕಾಡಿದ್ದು 2023ರ ಸರಣಿ ‘ದಹಾಡ್’. ರಾಜಸ್ಥಾನದ ಸಣ್ಣ ಊರೊಂದರ ಠಾಣೆ. ಸೋನಾಕ್ಷಿ ಸಿನ್ಹಾ ಅಲ್ಲಿ ಸಬ್ ಇನ್ಸ್‌ಪೆಕ್ಟರ್ ಅಂಜಲಿ ಭಾಟಿ, ದಲಿತ ಹೆಣ್ಣುಮಗಳು. ಅವಳು ಹಾದುಹೋದಾಗಲೆಲ್ಲ ಠಾಣೆಯ ಸಿಬ್ಬಂದಿಯೊಬ್ಬ ತನ್ನ ಮೇಜಿನ ಬಳಿ ಊದಿನಕಡ್ಡಿ ಹಚ್ಚುತ್ತಾನೆ. ಹೆಗಲ ಮೇಲೆ ನಕ್ಷತ್ರವಿದ್ದರೂ ಜಾತಿ ಬೆನ್ನು ಬಿಡುವುದಿಲ್ಲ ಎಂಬುದನ್ನು ಹೇಳಲು ಒಂದು ಮಾತೂ ಬೇಕಾಗಿಲ್ಲ. ಜಾತಿ ಗೊತ್ತಾಗದಿರಲೆಂದು ತಂದೆ ಬದಲಿಸಿದ್ದ ಅಡ್ಡಹೆಸರನ್ನು ಬಿಟ್ಟು ಕೊನೆಗೆ ಅವಳು ಮೇಘವಾಲ್ ಎಂಬ ತನ್ನ ಮೂಲ ಹೆಸರಿಗೇ ಮರಳುತ್ತಾಳೆ. ಇಷ್ಟು ವರ್ಷಗಳ ಮಹಿಳಾ ಪೊಲೀಸ್ ಕಥೆಗಳಲ್ಲಿ ಇದಕ್ಕಿಂತ ದಿಟ್ಟ ಹೆಜ್ಜೆ ನಮಗೆ ಕಂಡಿಲ್ಲ.

ನಾಯಕಿಯ ಹುದ್ದೆ ಹೀಗೆ ಐಪಿಎಸ್‌ನಿಂದ ಸಬ್ ಇನ್ಸ್‌ಪೆಕ್ಟರ್‌ವರೆಗೆ ಇಳಿದಂತೆಲ್ಲ ಕಥೆ ಬೀದಿಗೆ, ಠಾಣೆಯ ಬೆಂಚಿಗೆ, ದೂರು ಹಿಡಿದು ಬಂದವರಿಗೆ ಹತ್ತಿರವಾಗಿದೆ. ಇನ್ನೂ ಒಂದು ಮೆಟ್ಟಿಲು ಬಾಕಿಯಿದೆ. ಪೊಲೀಸ್ ಪಡೆಯಲ್ಲಿ ಶೇ 33ರಷ್ಟು ಮಹಿಳೆಯರಿರಬೇಕೆಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೇಳುತ್ತಲೇ ಬಂದಿದೆ. ಇರುವವರು ಅದರ ಅರ್ಧದಷ್ಟೂ ಇಲ್ಲ. ಇರುವವರಲ್ಲಿ ಬಹುಪಾಲು ಕಾನ್‌ಸ್ಟೆಬಲ್‌ಗಳು. ಜಾತ್ರೆ, ರಾಜಕೀಯ ಸಭೆಗಳ ಬಂದೋಬಸ್ತಿಗೆ ಬೆಳಗಿನಿಂದ ನಿಂತು, ಶೌಚಾಲಯ ಎಲ್ಲಿದೆಯೋ ಎಂದು ನೀರು ಕುಡಿಯಲೂ ಹಿಂಜರಿಯುವವರು ಅವರು. ತೆರೆಯ ಮೇಲೆ ಅವರಿಗೆ ಸಿಗುವುದು ಆರೋಪಿಯ ತೋಳು ಹಿಡಿದು ನಿಲ್ಲುವ ಕೆಲಸ ಮಾತ್ರ.

2017ರಲ್ಲಿ ನೀಲಮಣಿ ಎನ್. ರಾಜು ಕರ್ನಾಟಕ ಪೊಲೀಸ್ ಪಡೆಯ ಮೊದಲ ಮಹಿಳಾ ಮುಖ್ಯಸ್ಥರಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಎತ್ತರದ ಕಥೆ ಬೇಕು, ನಿಜ. ಆದರೆ ಕನ್ನಡದ ವಾಹಿನಿಗಳಿಗೆ, ಸರಣಿ ಬರೆಯುವವರಿಗೆ ನಮ್ಮ ಕೋರಿಕೆ ಬೇರೆ: ಮುಂದಿನ ನಾಯಕಿಯನ್ನು ಹೋಬಳಿ ಠಾಣೆಯಿಂದ ಆರಿಸಿಕೊಳ್ಳಿ. ರಾತ್ರಿ ಪಾಳಿ ಮುಗಿಸಿದ ಯಾವ ಮಹಿಳಾ ಕಾನ್‌ಸ್ಟೆಬಲ್ ಜೊತೆಗಾದರೂ ಒಂದು ಗಂಟೆ ಕೂತು ಕೇಳಿ, ಆಮೇಲೆ ಬರೆಯಿರಿ.