ಹೇಳೋಕೆ ಅವಳ್ಯಾರು?

ನಮ್ಮ ಸಭೆಗಳಲ್ಲಿ ಯಾರಾದ್ರೂ ಕಹಿ ಸತ್ಯ ಹೇಳಿದ್ರೆ ನಾವು ಮೊದಲು ಕೇಳೋದು "ಅದು ನಿಜವಾ?" ಅಂತಲ್ಲ. "ಹೇಳೋಕೆ ಅವರ್ಯಾರು?" ಅಂತ. ಬೇರೆಯವರ ಮೇಲೆ ಗೂಬೆ ಕೂರಿಸ್ತಿಲ್ಲ, ಮೊದಲ ಅಪರಾಧಿ ನಾನೇ.

ಆಗ ನಾನು ಚರ್ಚ್ ಕಮಿಟಿಯ ಖಜಾಂಚಿ. ಸುಗ್ಗಿ ಹಬ್ಬದ ದಿನ ಆರಾಧನೆ, ಹರಾಜು ಎಲ್ಲ ಮುಗಿದು ದುಡ್ಡು ಎಣಿಸ್ತಾ ಕೂತಿದ್ವಿ. ಚರ್ಚ್ ಗುಡಿಸುವ ಹೆಂಗಸು ಬಾಗಿಲಲ್ಲಿ ನಿಂತಳು. ಅವಳು ಕ್ರೈಸ್ತಳಲ್ಲ.

"ಸಾರ್, ಇವತ್ತು ಬಡವರಿಗೋಸ್ಕರ ಅಷ್ಟು ಹೊತ್ತು ಪ್ರಾರ್ಥನೆ ಮಾಡಿದ್ರಿ. ನನ್ನ ಎರಡು ತಿಂಗಳ ಸಂಬಳ ಬಂದಿಲ್ಲ. ನಿಮ್ಮ ದೇವರಿಗೆ ಗೊತ್ತೋ ಇಲ್ವೋ, ನಿಮಗಂತೂ ಗೊತ್ತಿತ್ತಲ್ವಾ?"

ಪಕ್ಕದಲ್ಲಿದ್ದ ಹಿರಿಯರು "ಇವಳಿಗೆ ಬಾಯಿ ಜಾಸ್ತಿ ಆಯ್ತು" ಅಂದ್ರು. ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಅಂದ್ರೆ ಒಪ್ಪಿದೆ ಅಂತಲೇ ಅರ್ಥ. ರಾತ್ರಿ ವೋಚರ್ ತೆಗೆದು ನೋಡಿದ್ರೆ ದುಡ್ಡು ಇತ್ತು, ಒಂದು ಸಹಿ ಮಾತ್ರ ಬಾಕಿ. ಆ ಸಹಿ ನನ್ನದು!

ಕೂಲಿಯವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತೆ ಅಂತ ಯಾಕೋಬನ ಪತ್ರಿಕೆ 5ನೇ ಅಧ್ಯಾಯದಲ್ಲಿದೆ. ಅದರ ಮೇಲೆ ನಾನೇ ಬೈಬಲ್ ಸ್ಟಡಿ ನಡೆಸಿದ್ದೆ. ಆದ್ರೆ ಅದು ನನಗೆ ಅರ್ಥ ಆಗಿದ್ದು ಬೈಬಲ್ ಓದದ ಹೆಂಗಸಿನಿಂದ.

ನಮ್ಮ ಬೈಬಲ್ಲಿನಲ್ಲಿ ಇದು ಹೊಸದೇನಲ್ಲ. ಅರಾಮ್ಯರ ಸೇನಾಪತಿ ನಾಮಾನನ ಕುಷ್ಠಕ್ಕೆ ದಾರಿ ತೋರಿಸಿದ್ದು ಯುದ್ಧದಲ್ಲಿ ಸೆರೆ ಸಿಕ್ಕ ಒಬ್ಬ ಪುಟ್ಟ ಹುಡುಗಿ. ಅವಳ ಹೆಸರು ಕೂಡ ಬರೆದಿಲ್ಲ. ಯೊರ್ದನಿನಲ್ಲಿ ಏಳು ಸಲ ಮುಳುಗು ಅಂದಾಗ ಸಿಟ್ಟಾಗಿ ಹೊರಟವನಿಗೆ ಬುದ್ಧಿ ಹೇಳಿದ್ದೂ ಆಳುಗಳೇ. ಅರಣ್ಯಕಾಂಡ 22ರಲ್ಲಂತೂ ಬಿಳಾಮನಿಗೆ ಕಾಣದ ದೇವದೂತ ಅವನ ಕತ್ತೆಗೆ ಕಂಡ. ಅದಕ್ಕೆ ಸಿಕ್ಕಿದ ಬಹುಮಾನ? ಮೂರು ಸಲ ಹೊಡೆತ. ಈ ಕಥೆಗಳನ್ನ ಸಂಡೇ ಸ್ಕೂಲ್ ಮಕ್ಕಳಿಗೆ ಹೇಳಿ ನಗಿಸಿ ಮರೆತುಬಿಡ್ತೀವಿ.

ಅಮೆರಿಕದ ಮೆಥಡಿಸ್ಟ್ ಮಿಷನರಿ ಇ. ಸ್ಟಾನ್ಲಿ ಜೋನ್ಸ್ ಮಾತ್ರ ಹಾಗೆ ಮಾಡಲಿಲ್ಲ. ಕ್ರೈಸ್ತಧರ್ಮ ಈ ನೆಲದ್ದೇ ಆಗಬೇಕಾದ್ರೆ ಏನು ಮಾಡಬೇಕು ಅಂತ ಅವರು ಗಾಂಧೀಜಿಯನ್ನ ಕೇಳಿದ್ರು. ಕ್ರೈಸ್ತರೆಲ್ಲ, ಮಿಷನರಿಗಳೂ ಸೇರಿ, ಮೊದಲು ಯೇಸುವಿನ ಥರ ಬದುಕೋಕೆ ಶುರು ಮಾಡಬೇಕು ಅನ್ನೋದು ಗಾಂಧೀಜಿಯ ಮೊದಲ ಸಲಹೆ. ಕಲಿಸೋಕೆ ಬಂದ ಜೋನ್ಸ್, ಹಿಂದೂ ಒಬ್ಬರು ಹೇಳಿದ ಈ ಮಾತನ್ನ ಮುಚ್ಚಿಡಲಿಲ್ಲ. 1925ರ ತಮ್ಮ 'ದ ಕ್ರೈಸ್ಟ್ ಆಫ್ ದ ಇಂಡಿಯನ್ ರೋಡ್' ಪುಸ್ತಕದಲ್ಲಿ ಅಚ್ಚು ಹಾಕಿಸಿದ್ರು.

"ಹಾಗಾದ್ರೆ ಎಲ್ಲರೂ ಬೈದಿದ್ದನ್ನೆಲ್ಲ ಒಪ್ಕೋಬೇಕಾ?" ಅಂತೀರಾ? ಬೇಡ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನ ಹಿಡ್ಕೊಳ್ಳಿ ಅಂತ ಪೌಲ ಹೇಳಿದ್ದಾನಲ್ಲ. ಆದ್ರೆ ಪರೀಕ್ಷೆ ಮಾತಿಗೆ ಇರಲಿ, ಹೇಳಿದವರ ಜಾತಿ, ಧರ್ಮ, ಸಂಬಳಕ್ಕೆ ಬೇಡ. ವೋಚರ್ ತೆಗೆದು ನೋಡೋಕೆ ನನಗೆ ಎರಡು ನಿಮಿಷ ಸಾಕಾಯ್ತು.

ಮರುದಿನವೇ ಸಂಬಳ ಕೊಟ್ಟು ಕ್ಷಮೆ ಕೇಳಿದೆ. ಹಿರಿಯರು ಮಾತ್ರ ಇವತ್ತಿಗೂ "ಸ್ವಲ್ಪ ಮರ್ಯಾದೆಯಿಂದ ಹೇಳಬಹುದಿತ್ತು" ಅಂತಾರೆ. ಎರಡು ತಿಂಗಳು ಅವಳು ಮರ್ಯಾದೆಯಿಂದಲೇ ಕೇಳಿದ್ದಳು ಸ್ವಾಮಿ, ನಮಗೇ ಕೇಳಿಸಲಿಲ್ಲ.

ನೀವು ಕೊನೇ ಸಲ "ನೀನ್ಯಾರು ಹೇಳೋಕೆ" ಅಂದಿದ್ದು ಯಾರಿಗೆ? ಅವರು ಹೇಳಿದ್ದು ಸುಳ್ಳಾಗಿತ್ತಾ?