ಆ ಬಾವಿಯ ನೀರು ಸೇದಿದವರು ಯಾರು?

ಹಳ್ಳಿಯಲ್ಲಿ ಹುಟ್ಟಿ ಪೇಟೆ ಸೇರಿದವರು ನಾಲ್ಕು ಜನ ಒಂದು ಕಡೆ ಕೂತರೆ ಸಾಕು. ಮದುವೆಮನೆಯ ಊಟದ ಪಂಕ್ತಿಯಾಗಲಿ, ಗೃಹಪ್ರವೇಶದ ಶಾಮಿಯಾನವಾಗಲಿ, ಮಾತು ಹೋಗಿ ಊರ ಕೆರೆ ಏರಿಯ ಮೇಲೆ ನಿಲ್ಲುತ್ತದೆ. ಒಬ್ಬರು ಈಜು ಕಲಿತದ್ದನ್ನು ಹೇಳುತ್ತಾರೆ, ಇನ್ನೊಬ್ಬರು ಯಾರದೋ ತೋಟದಲ್ಲಿ ಎಳನೀರು ಕದ್ದದ್ದನ್ನು, ಮತ್ತೊಬ್ಬರು ಮೇಷ್ಟರ ಬೆತ್ತ ಬಚ್ಚಿಟ್ಟದ್ದನ್ನು. ನಡುನಡುವೆ ಹೆಂಡತಿಯರ ಮೇಲೆ ಒಂದೊಂದು ಜೋಕು. ಕೊನೆಗೆ ಎಲ್ಲರೂ ಸೇರಿ ಒಂದು ನಿಟ್ಟುಸಿರು: "ಏನೇ ಹೇಳಿ, ನಮ್ಮ ಬಾಲ್ಯದ ಆ ಸುಖ ಈಗಿನ ಮಕ್ಕಳಿಗಿಲ್ಲ."

ನಗುವುದಕ್ಕೆ ನನ್ನ ತಕರಾರಿಲ್ಲ. ಊರನ್ನು ನೆನೆಯುವುದಕ್ಕೂ ಇಲ್ಲ. ನನಗೂ ಊರಿದೆ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ. ಅಲ್ಲಿಯ ತೆಂಗಿನ ತೋಟ, ಅಟ್ಟದ ಮೇಲೆ ಒಣಗುವ ಕೊಬ್ಬರಿಯ ವಾಸನೆ ನೆನಪಾದರೆ ನನಗೂ ಗಂಟಲು ಕಟ್ಟುತ್ತದೆ. ನನ್ನ ತಕರಾರು ಇರುವುದು "ನಮ್ಮ ಬಾಲ್ಯ" ಎನ್ನುವಾಗಿನ ಆ "ನಮ್ಮ" ಎಂಬ ಪದದ ಮೇಲೆ. ಯಾರ ಬಾಲ್ಯ ಅದು? ಕೆರೆಯಲ್ಲಿ ಈಜಿದವರು ಗಂಡುಹುಡುಗರು. ಅದೇ ಕೆರೆಗೆ ನಾವೂ ಹೋಗುತ್ತಿದ್ದೆವು, ಬಟ್ಟೆಯ ಗಂಟು ಹೊತ್ತುಕೊಂಡು. ಅವರು ದಡದಲ್ಲಿ ಬಿಚ್ಚಿ ಎಸೆದ ಚಡ್ಡಿ ಅಂಗಿಗಳೂ ಮಾರನೆಯ ದಿನ ನಮ್ಮ ಗಂಟಿನಲ್ಲೇ ಇರುತ್ತಿದ್ದವು.

ನಮ್ಮ ದಿನ ಹೇಗಿತ್ತೆಂದು ಒಮ್ಮೆ ಎಣಿಸಿ ನೋಡಿ. ಕೋಳಿ ಕೂಗುವ ಮೊದಲೇ ಅವ್ವ ರಾಗಿ ಕಲ್ಲಿನ ಮುಂದೆ ಕೂರುತ್ತಿದ್ದಳು. ಎದುರು ಕೂತು ಗೂಟ ಹಿಡಿಯಲು ಮಗಳೇ ಬೇಕು, ಮಗನಲ್ಲ. ಬೆಳಕಾದ ಮೇಲೆ ನೀರು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೊಂದು ಬಿಂದಿಗೆ, ಕಂಕುಳಲ್ಲಿ ಇನ್ನೊಂದು. ಹಂಡೆ ತುಂಬಲು ಎಷ್ಟು ಸಲ ಹೋಗಬೇಕೆಂಬ ಲೆಕ್ಕ ನಮಗೆ ಮಗ್ಗಿಗಿಂತ ಮೊದಲೇ ಬಾಯಿಪಾಠವಾಗಿತ್ತು. ಆಮೇಲೆ ಸೆಗಣಿ, ಸೌದೆ, ಕೂಸು. ನನ್ನ ಪಕ್ಕ ಕೂತು ಓದುತ್ತಿದ್ದ ಹುಡುಗಿಯೊಬ್ಬಳು ಐದನೆಯ ತರಗತಿಗೇ ಶಾಲೆ ಬಿಟ್ಟಳು. ಕಾರಣ ಅವಳು ದಡ್ಡಿಯಾಗಿದ್ದದ್ದಲ್ಲ. ಮನೆಯಲ್ಲಿ ತಮ್ಮ ಹುಟ್ಟಿದ್ದ, ಎತ್ತಿಕೊಳ್ಳುವವರು ಬೇಕಿತ್ತು. ಆ ತಮ್ಮ ಓದಿ ಕೆಲಸ ಹಿಡಿದು, ಈಗ ಹಳ್ಳಿಯ ಬಾಲ್ಯದ ಬಗ್ಗೆ ಬಹಳ ಸೊಗಸಾಗಿ ಮಾತಾಡುತ್ತಾನೆ.

ಅವಳಿಗಿಂತಲೂ ಕಷ್ಟಪಟ್ಟವರಿದ್ದರು. ನಾವು ನೀರು ಸೇದುವಾಗ ಬಾವಿಕಟ್ಟೆಯಿಂದ ಹತ್ತು ಮಾರು ದೂರದಲ್ಲಿ ಕೊಡ ಇಟ್ಟುಕೊಂಡು, ಯಾರಾದರೂ ಪುಣ್ಯಾತ್ಮರು ಹೊಯ್ಯಲಿ ಎಂದು ಕಾಯುತ್ತಿದ್ದ ನನ್ನ ಓರಗೆಯ ಹುಡುಗಿಯರಿದ್ದರು. ಅವರು ಹಗ್ಗ ಮುಟ್ಟುವಂತಿರಲಿಲ್ಲ. ಅವರ ಪೈಕಿ ಒಬ್ಬಳು ಆ ಊಟದ ಪಂಕ್ತಿಯಲ್ಲಿ ಎದುರಿಗೆ ಕೂತಿದ್ದರೆ "ಆ ಕಾಲದ ಸುಖ" ಎಂಬ ಮಾತು ಯಾರ ಬಾಯಿಂದ ಬಂದೀತು? ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ಕಾಲ ದೂರವಾದರೂ ಹಾಗೆಯೇ. ಆದರೆ ಕಲ್ಲುಮುಳ್ಳು ತುಳಿದವರ ಅಂಗಾಲಿಗೆ ಆ ಬೆಟ್ಟ ಯಾವತ್ತೂ ನುಣ್ಣಗಾಗುವುದಿಲ್ಲ.

ಹೋಗಲಿ, ಹಳೆಯ ನೆನಪು, ಅದರಿಂದ ಯಾರಿಗೇನು ನಷ್ಟ ಎಂದು ನೀವು ಕೇಳಬಹುದು. ನಷ್ಟವಿದೆ. ಈ ಸಿಹಿ ನೆನಪುಗಳು ಸುಮ್ಮನೆ ಕೂರುವುದಿಲ್ಲ, ಇವತ್ತಿನ ನಮ್ಮ ಅಡುಗೆಮನೆಗೆ ಬಂದು ತಪ್ಪು ಹುಡುಕುತ್ತವೆ. "ನಮ್ಮವ್ವ ಒರಳಲ್ಲಿ ರುಬ್ಬಿದ ಚಟ್ನಿಯ ರುಚಿ ಈ ಮಿಕ್ಸಿಗೆ ಬರುತ್ತದೆಯೇ?" ಎನ್ನುವವರು ಆ ಅವ್ವನ ತೋಳಿನ ನೋವಿನ ರುಚಿ ಕೇಳಿದವರಲ್ಲ. "ಬಾವಿ ನೀರಿನ ಸಿಹಿ ನಲ್ಲಿ ನೀರಿಗಿಲ್ಲ" ಎನ್ನುವವರು ಒಂದು ಬಿಂದಿಗೆ ನೀರು ಹೊತ್ತವರಲ್ಲ.

1980ರ ದಶಕದಲ್ಲಿ ನಮ್ಮ ರಾಜ್ಯದ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ಕೈಪಂಪು ಹಾಕಿಸಿದರು. ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. 1988ರಲ್ಲಿ ಅವರು ತೀರಿಕೊಂಡಾಗ ಎಷ್ಟೋ ಹಳ್ಳಿಗಳ ಹೆಂಗಸರು ಮನೆಯವರೇ ಹೋದಂತೆ ಮರುಗಿದರು. ಆ ಪಂಪು ಬಂದ ಮೇಲೆ ಎಷ್ಟು ಹುಡುಗಿಯರು ಬೆಳಗಿನ ಗಂಟೆಗೆ ಸರಿಯಾಗಿ ಶಾಲೆ ತಲುಪಿದರೋ! ನಮ್ಮ ಹಳ್ಳಿಯ ನೆನಪುಗಳಲ್ಲಿ ಬಾವಿಗೆ ಇರುವ ಜಾಗ ಆ ಕೈಪಂಪಿಗೆ ಏಕಿಲ್ಲ? ಹೊತ್ತವರಿಗೆ ಮಾತ್ರ ಅದರ ಬೆಲೆ ಗೊತ್ತು, ಹೊತ್ತವರನ್ನು ಯಾರೂ ಕೇಳಲಿಲ್ಲ.

ಇನ್ನು ಜೋಕುಗಳ ಮಾತು. 2023ರ ಜೂನ್ 11ರಂದು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣ ಬೇಡ ಎಂಬ ಶಕ್ತಿ ಯೋಜನೆ ಶುರುವಾಯಿತು. ವಾರ ಕಳೆಯುವಷ್ಟರಲ್ಲಿ ಎಷ್ಟು ಜೋಕು! ಹೆಂಡತಿ ಧರ್ಮಸ್ಥಳಕ್ಕೆ ಹೋದಳು, ಗಂಡ ಅನ್ನ ಸೀಯಿಸಿದ. ಅತ್ತೆ ಸೊಸೆ ಇಬ್ಬರೂ ಬಸ್ಸಿನಲ್ಲಿ, ಮನೆಗೆ ಬೀಗ. ಹೇಳಿದವರು ಯಾರು? ನಮ್ಮವ್ವ ತಲೆಯ ಮೇಲೆ ಹೊರೆ ಹೊತ್ತು ಮೈಲಿಗಟ್ಟಲೆ ಸಂತೆಗೆ ನಡೆಯುತ್ತಿದ್ದಳು ಎಂದು ಕಣ್ಣೊರೆಸಿಕೊಂಡವರೇ. ಅವ್ವ ನಡೆದರೆ ಕಣ್ಣೀರು, ಹೆಂಡತಿ ಬಸ್ಸು ಹತ್ತಿದರೆ ನಗು! ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆ ಇದಕ್ಕೇ ಹುಟ್ಟಿತೇನೋ.

ಇಂಥ ಜೋಕಿಗೆ ನಗದಿದ್ದರೆ ಹೆಂಗಸರಿಗೆ ಹಾಸ್ಯಪ್ರಜ್ಞೆ ಇಲ್ಲ ಎಂಬ ಬಿರುದು ಬೇರೆ. ನಮಗೆ ನಗು ಗೊತ್ತಿಲ್ಲವೇ? ಮದುವೆಯಲ್ಲಿ ಬೀಗರನ್ನು ಕೂರಿಸಿಕೊಂಡು, ಬೀಗಿತ್ತಿಯ ಜಂಬದಿಂದ ಬೀಗರ ಹೊಟ್ಟೆಯವರೆಗೆ ಒಂದನ್ನೂ ಬಿಡದೆ ಹಾಡು ಕಟ್ಟಿ ಹಂಗಿಸುತ್ತಿದ್ದವರು ಯಾರು? ಬೀಸುವ ಕಲ್ಲಿನ ಮುಂದೆ ಅತ್ತೆ, ನಾದಿನಿ, ಗಂಡ ಮೂವರನ್ನೂ ರಾಗಿಯ ಜೊತೆಗೇ ಅರೆಯುತ್ತಿದ್ದವರು ಯಾರು?

ನಮ್ಮಜ್ಜಿಯ ಒಂದು ಮಾತು ಹೇಳುತ್ತೇನೆ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನ ಹೊಯ್ಸಳರ ಕಾಲದ್ದು, 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಅದರ ಗೋಡೆಯ ಶಿಲ್ಪಗಳನ್ನು ಕಡೆದ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಮ್ಮ ಹೆಸರನ್ನೂ ಅಲ್ಲೇ ಕೆತ್ತಿ ಹೋಗಿದ್ದಾರೆ. ಮಲ್ಲಿತಮ್ಮ ಎಂಬ ಹೆಸರು ಓದಿ ಹೇಳಿದಾಗ ಅಜ್ಜಿ, "ಸದ್ಯ, ಒಬ್ಬ ಹೆಂಗಸಿನ ಹೆಸರಾದರೂ ಉಳೀತಲ್ಲ" ಅಂದಳು. ಇಲ್ಲಜ್ಜಿ, ಆತ ಗಂಡಸು ಎಂದೆ. ಅಜ್ಜಿ ಎಲೆಯಡಿಕೆ ಉಗಿದು ಬಂದು, "ನಮ್ಮ ಹೆಸರ್ನೂ ಬಿಡ್ಲಿಲ್ಲ ಅನ್ನು!" ಎಂದು ನಕ್ಕಳು. ಇದನ್ನು ಯಾವ ನಗೆಕೂಟದಲ್ಲೂ ಯಾರೂ ಹೇಳಿದ್ದು ನಾನು ಕೇಳಿಲ್ಲ. ಅಜ್ಜಿಯ ಜೋಕಿಗೆ ಮೈಕು ಸಿಕ್ಕಲಿಲ್ಲ ಅಷ್ಟೆ.

ಬರೆದು ತೋರಿಸಿದವರೂ ಇದ್ದಾರೆ. ಹಳ್ಳಿಯ ನೆನಪಿನ ಹಾಸ್ಯವೆಂದರೆ ನಮ್ಮ ಹಾಸನ ಜಿಲ್ಲೆಯವರಿಗೆ ಮೊದಲು ನೆನಪಾಗುವವರು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು. ಅವರ ನಗುವಿನಲ್ಲಿ ವಿಷವಿಲ್ಲ, ಓದಿ ನಾನೂ ಸುಖಪಟ್ಟಿದ್ದೇನೆ. ಆದರೆ 1942ರಲ್ಲಿ ರಾಶಿಯವರು ಹೊರತಂದ 'ಕೊರವಂಜಿ'ಯಲ್ಲಿ ಬರೆದು ಬೆಳೆದ ಟಿ. ಸುನಂದಮ್ಮನವರನ್ನು ನಾವೆಷ್ಟು ಮನೆಗಳಲ್ಲಿ ಓದುತ್ತೇವೆ? ಹೆಂಗಸು ನಗೆಯ ವಸ್ತು ಮಾತ್ರವಲ್ಲ, ನಗಿಸುವವಳೂ ಹೌದೆಂದು ಅವರು ಮನೆವಾರ್ತೆಯನ್ನೇ ಬರೆದು ತೋರಿಸಿದರು.

ನಮ್ಮ ಹೊಟ್ಟೆಕಿಚ್ಚಿನಿಂದ ಗಂಡಸರ ನೆನಪು ಕಹಿಯಾಗಲಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಬಾಲ್ಯದಲ್ಲೂ ಸಂತೋಷವಿತ್ತು. ಕುಂಟೆಬಿಲ್ಲೆ, ಅಳಗುಳಿಮನೆ, ನೀರಿನ ದಾರಿಯಲ್ಲಿ ಹಂಚಿಕೊಂಡ ಗುಟ್ಟುಗಳು ನಮ್ಮವೇ. ಅವನ್ನು ಹೇಳೋಣ. ಸಿಂಬೆಯನ್ನೂ ಹೇಳೋಣ, ಬಿಟ್ಟ ಶಾಲೆಯನ್ನೂ, ದೂರ ನಿಂತ ಕೊಡವನ್ನೂ ಹೇಳೋಣ. ಹೆಣ್ಣುಮಕ್ಕಳಿಗೆ ಬರೀ ತಂದೆಯ ಬಾಲ್ಯ ಕೇಳಿಸಿ ಬೆಳೆಸಿದರೆ, ತಾಯಿ ಎಲ್ಲಿಂದ ನಡೆದು ಬಂದಳೆಂಬುದು ಅವರಿಗೆ ಗೊತ್ತಾಗುವುದೇ ಇಲ್ಲ. ತಮಗೆ ಸಿಕ್ಕ ನಲ್ಲಿ, ಬಸ್ಸು, ಪುಸ್ತಕ ಎಲ್ಲವೂ ತಾನಾಗಿ ಬಂದವು ಎಂದುಕೊಳ್ಳುತ್ತಾರೆ. ತಾನಾಗಿ ಬಂದದ್ದನ್ನು ಯಾರಾದರೂ ಕಿತ್ತುಕೊಳ್ಳಲು ಬಂದರೆ ತಡೆಯುವುದು ಹೇಗೆಂದೂ ಅವರಿಗೆ ತಿಳಿಯುವುದಿಲ್ಲ.

ಹಾಗಾಗಿ ಅಕ್ಕತಂಗಿಯರೇ, ಮುಂದಿನ ಸಲ ಯಾರಾದರೂ ಆ ಬಾವಿಯ ಸಿಹಿ ನೀರನ್ನು ಹೊಗಳಿದರೆ, ಲೋಟ ತುಂಬಿಸಿ ಕೊಡಲು ಒಳಗೆ ಏಳಬೇಡಿ. ಅಲ್ಲೇ ಕೂತು ಕೇಳಿ, "ಹೌದಾ ಭಾವ, ಸೇದಿದ್ದು ಯಾರು?"